ಎಡಿಟಿಂಗ್‌ನಲ್ಲಿ ಮಾಯವಾದ ಅತ್ತೆ

ನಾನು ಮೈಕಿನ ಮುಂದೆ ಕೆಮ್ಮಿದರೆ ಸಾಕು, ಹೌರಾ ಸೇತುವೆ ನಕ್ಕು ನಕ್ಕು ಒಂದು ಮೊಳ ಬಾಗುತ್ತದೆ. ಅಂಥ ನನ್ನ ಕನ್ನಡ ಹಾಸ್ಯ ಪಾಡ್‌ಕಾಸ್ಟಿಗೆ, ಹೋಗಲಿ ಪಾಪ ಅಂತ, ಚಿಕ್ಕಪ್ಪನ ಮಗಳು ಮೈತ್ರಿಯನ್ನು ಸೇರಿಸಿಕೊಂಡೆ. ಕೋಲ್ಕತ್ತದಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಡವರಿಸುತ್ತದೆ. ಬಾಲಿಗಂಜ್‌ನ ನಮ್ಮ ಮನೆಯಲ್ಲಿ ಫ್ಯಾನ್ ಆರಿಸಿ, ಬೀದಿಯ ಸದ್ದು ಬರದಂತೆ ರಜಾಯಿ ಹೊದ್ದು ರೆಕಾರ್ಡ್ ಮಾಡಿದೆವು. ಗರಿಯಾಹಾಟಿನ ಸೀರೆಯಂಗಡಿಯಲ್ಲಿ ಅಪ್ಪಟ ಕನ್ನಡದಲ್ಲೇ ಚೌಕಾಸಿ ಮಾಡುವ ಮೈಸೂರಿನ ಅತ್ತೆಯ ಪಾತ್ರ ಅವಳದು. ಎಡಿಟಿಂಗ್ ನನ್ನದು. ಕಂತು ಹೊರಬಂದಾಗ ಅದರಲ್ಲಿ ಅತ್ತೆಯೇ ಇರಲಿಲ್ಲ.

"ದಾದಾ, ನನ್ನ ಅತ್ತೆ ಎಲ್ಲಿ? ಪೂರಾ ಕಟ್ ಮಾಡಿದ್ಯಾ?" ಎಂದಳು ಮೈತ್ರಿ. ಅಣ್ಣ ಅನ್ನೋದನ್ನೂ ಅವಳು ಬಂಗಾಳಿಯಲ್ಲೇ ಅನ್ನುವುದು.

"ಲೋಕಲ್ ರೈಲು ಕೂಗಿಬಿಡ್ತಮ್ಮ, ನಿನ್ನ ಮಾತೆಲ್ಲ ಹಾಳಾಯ್ತು. ಇಲ್ದಿದ್ರೆ ನಾನು ಕತ್ತರಿಸ್ತಿದ್ನಾ?"

ಅವಳು ಮೂಲ ರೆಕಾರ್ಡಿಂಗನ್ನು ಮನೆಯವರೆಲ್ಲರ ಎದುರು ಹಾಕಿದಳು. ರೈಲೂ ಇಲ್ಲ, ಹಾರ್ನೂ ಇಲ್ಲ. ಅತ್ತೆಯ ಒಂದೊಂದು ಮಾತಿಗೂ ಯಾರೋ ಉಸಿರುಗಟ್ಟಿ, ಗೊರಕೆ ಹೊಡೆದಂತೆ ನಗುತ್ತಿದ್ದರು.

"ಲೋ ನರಹರಿ, ಇದು ನಿನ್ನ ನಗು ಕಣೋ," ಎಂದರು ಅಮ್ಮ.

ಮೈತ್ರಿ ನನ್ನನ್ನೇ ನೋಡುತ್ತಿದ್ದಳು.

"ಹೌದು, ನಂದೇ," ಎಂದೆ. "ನಿನ್ನ ಜೋಕಿಗೆ ನಾನು ಇಷ್ಟು ನಕ್ಕೆ. ನನ್ನ ಜೋಕಿಗೆ ನೀನು ಒಂದ್ಸಲನೂ ನಗಲಿಲ್ಲ. ಹೊಟ್ಟೆ ಉರೀತು, ಕತ್ತರಿಸಿಬಿಟ್ಟೆ."