ಬೂದಿಯಲ್ಲಿ ಬರೆದ ಒಲೆ

ಬೂದಿಗೆರೆ ಎಳೆಯದೆ ಸಸಿಯಮ್ಮ ಒಂದು ಕಾಳನ್ನೂ ನೆಲಕ್ಕೆ ಹಾಕಿದವಳಲ್ಲ. ಒಲೆಯ ಬೂದಿಯನ್ನು ಜರಡಿ ಹಿಡಿದು, ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬದಲ್ಲಿ ತುಂಬಿಕೊಂಡು, ಎರಡು ಗೂಟಗಳ ನಡುವೆ ಹಗ್ಗ ಬಿಗಿದು, ಹಗ್ಗದ ನೇರಕ್ಕೆ ಡಬ್ಬ ಅಲ್ಲಾಡಿಸುತ್ತ ಹಿಂದೆ ಹಿಂದೆ ಹೆಜ್ಜೆಯಿಡುವಳು. ಇಲ್ಲಿ ಬದನೆ ಮಡಿ, ಇಲ್ಲಿ ಎಲೆಕೋಸು, ಇದು ಕಾಲಿಡುವ ಜಾಗ. ಗೆರೆ ಬಿದ್ದರೆ ಮಡಿ ಅರ್ಧ ಆದ ಹಾಗೆ ಎಂಬುದು ಅವಳ ನಂಬಿಕೆ. ಸಸಿ ಬೆಳೆದು ಮಾರುವುದೇ ಕಸುಬಾದ್ದರಿಂದ ಸುತ್ತಲಿನವರಿಗೆಲ್ಲ ಅವಳು ಸಸಿಯಮ್ಮ. ಹುಟ್ಟಿದಾಗ ಇಟ್ಟ ಹೆಸರು ಹಿಡಿದು ಕರೆಯುವವಳು ಈಗ ಅಕ್ಕ ಒಬ್ಬಳೇ ಉಳಿದಿದ್ದಳು.

ಗಂಡ ಹೋಗಿ ಎಂಟು ವರ್ಷ. ಮಕ್ಕಳಾಗಲಿಲ್ಲ. ಸಸಿ ಕೊಳ್ಳುವವರು ಬರುವ ಎರಡು ತಿಂಗಳು ಬಾಯಿಗೆ ಕೆಲಸವಿರುತ್ತಿತ್ತು. ಉಳಿದ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. ಯಾರಾದರೂ ಗೇಟಿನ ಹತ್ತಿರ ಕೂಗಿದರೆ ಮೊದಲು ಒಮ್ಮೆ ಕೆಮ್ಮಿ, ಗಂಟಲು ಇದೆಯೋ ಇಲ್ಲವೋ ನೋಡಿಕೊಂಡು, ಆಮೇಲೆ ಓಗೊಡುವುದು ರೂಢಿಯಾಗಿತ್ತು. ಅಡುಗೆ ಎರಡು ದಿನಕ್ಕೊಮ್ಮೆ. ಒಂದು ಹೊಟ್ಟೆಗೆ ದಿನಾ ಒಲೆ ಹಚ್ಚುವುದು ಅವಳಿಗೆ ಸೌದೆಗೆ ಮಾಡುವ ಅನ್ಯಾಯವಾಗಿ ಕಾಣುತ್ತಿತ್ತು.

ಅಕ್ಕ ಪೇಟೆಯಲ್ಲಿ ಹೊಲಿಗೆಯವಳು. ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕಳೆದಿದ್ದಳು. ಆ ಬೀದಿ ಇಷ್ಟು ದಿನ ನಕ್ಷೆಯಲ್ಲಿ ವಾಸದ ವಲಯವಾಗಿತ್ತು. ಈ ವರ್ಷ ಅದನ್ನು ವಾಣಿಜ್ಯ ವಲಯ ಮಾಡಿದರು. ಮಾಡಿದ್ದೇ ತಡ, ಮಾಲೀಕ ಹಳೆಯದನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸಲು ಹೊರಟ. ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಅರವತ್ತಾರರ ಒಂಟಿ ಹೆಂಗಸಿಗೆ ಯಾರೂ ಮನೆ ಕೊಡಲೊಲ್ಲರು. ಸುದ್ದಿ ತಿಳಿದ ದಿನವೇ ಸಸಿಯಮ್ಮ ಪೇಟೆಗೆ ಹೋಗಿ ಅಕ್ಕನನ್ನು ಕರೆದಳು. ಬಂದರೆ ತನಗೂ ಒಂದು ಜೀವ ಜೊತೆಯಾಗುತ್ತದೆ ಅನ್ನುವುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಅಕ್ಕ ತಲೆಯೆತ್ತದೆ ಅಂಚು ಹೊಲಿಯುತ್ತಲೇ ಕೇಳಿಸಿಕೊಂಡಳು. ಕೊನೆಗೆ ದಾರ ಕಚ್ಚಿ ಹೇಳಿದಳು:

"ನನ್ನ ಒಲೆ ನನಗೆ ಬೇರೆ ಇದ್ರೆ ಬರ್ತೀನಿ. ನಿಮ್ಮನೆ ಒಲೇದು ನನಗೆ ಬೇಡ."

ಅದರ ಹಿಂದೆ ಹತ್ತೊಂಬತ್ತು ವರ್ಷದ ಹಳೆಯ ಒಂದು ಮಧ್ಯಾಹ್ನವಿತ್ತು. ತಾಯಿ ಕಾಯಿಲೆ ಬಿದ್ದು ಸಸಿಯಮ್ಮನ ಮನೆಯಲ್ಲಿ ಮಲಗಿದ್ದಾಗ ಅಕ್ಕ ನೋಡಲು ಬಂದಿದ್ದಳು. ಊಟಕ್ಕೆ ಕೂತಾಗ ಔಷಧಿ ಹೊತ್ತಿಗೆ ಸರಿಯಾಗಿ ಕೊಡುತ್ತಿಲ್ಲವೆಂದು ಅಂದಳು. ಅದಕ್ಕೆ ಸಸಿಯಮ್ಮನ ಗಂಡ, ನಮ್ಮ ಅನ್ನ ತಿಂದುಕೊಂಡೇ ನಮಗೆ ಬುದ್ಧಿ ಹೇಳ್ತೀಯ ಅಂದುಬಿಟ್ಟ. ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ ಕೈ ತೊಳೆದು ಎದ್ದಳು. ಬಡಿಸುತ್ತಿದ್ದ ಸಸಿಯಮ್ಮನ ಸೌಟು ಹಿಡಿದ ಕೈ ಹಾಗೇ ನಿಂತಿತ್ತು. ಬಾಯಿಯೂ ಹಾಗೇ ನಿಂತಿತ್ತು. ಅಕ್ಕ ಆಮೇಲೆ ಎಷ್ಟೋ ಸಲ ಬಂದು ಹೋದಳು. ತಾಯಿ ತೀರಿದಾಗ ಬಂದಳು, ತಂಗಿಯ ಗಂಡ ತೀರಿದಾಗಲೂ ಬಂದಳು. ಡಬ್ಬಿ ಕಟ್ಟಿಕೊಂಡೇ ಬಂದಳು. ಆ ಮನೆಯ ಒಂದು ಅಗುಳನ್ನೂ ಬಾಯಿಗೆ ಹಾಕಲಿಲ್ಲ.

ಮನೆಯ ಪಕ್ಕಕ್ಕೆ ಒಂದು ಕೋಣೆ, ಅದರೊಳಗೊಂದು ಒಲೆ. ಅಷ್ಟೇ ತಾನೆ ಅಂದುಕೊಂಡಳು ಸಸಿಯಮ್ಮ. ಗಾರೆ ಮೇಸ್ತ್ರಿಯನ್ನು ಕರೆಸಿದಳು. ಅವನು ಬಾಯಿಬಡುಕ, ಕೆಲಸಗಾರನೂ ಹೌದು. ಎರಡು ಜಡೆ ಕೂಡಿದರೆ ಜಗಳ ಅಂತಾರೆ, ನಿಮಗೆ ಜಡೆಯಾದರೂ ಎಲ್ಲಿದೆ ಈಗ, ಇಬ್ಬರದೂ ಸೇರಿಸಿದರೆ ಒಂದು ತುರುಬು ಆದೀತು ಅಂತ ನಗಿಸಿದ. ಜಮೀನು ಹಸಿರು ವಲಯದಲ್ಲಿ ಬರುವುದರಿಂದ ಅನುಮತಿಯಿಲ್ಲದೆ ಒಂದು ಇಟ್ಟಿಗೆ ಇಡುವ ಹಾಗಿಲ್ಲ ಎಂದು ತಾನೇ ನಕ್ಷೆ ಬರೆಸಿ ಅರ್ಜಿ ಹಾಕಿಸಿದ. ಕಾಗದದಲ್ಲಿ ಇದ್ದದ್ದು ಹತ್ತು ಅಡಿಗೆ ಹನ್ನೆರಡರ ಕೋಣೆ, ಒಂದು ಬಾಗಿಲು, ಎರಡು ಕಿಟಕಿ. ಒಲೆ ಎಲ್ಲಿ ಅಂತ ಸಸಿಯಮ್ಮ ಕೇಳಿದ್ದಕ್ಕೆ, ಗೋಡೆ ಎದ್ದ ಮೇಲೆ ಒಲೆ ಹಾಕುವುದು ಅರ್ಧ ದಿನದ ಕೆಲಸ, ಅದರ ಮಾತು ಈಗ ಬೇಡ ಅಂದ. ಅವನು ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದನ್ನಷ್ಟೇ ಹೇಳುತ್ತಿದ್ದಾನೆ ಅಂತ ಅವಳು ತಿಳಿದಳು.

ಸ್ಥಳ ನೋಡಲು ಸಾಹೇಬರು ಬರುತ್ತಾರೆ ಎಂದು ತಿಳಿದಾಗ ಸಸಿಯಮ್ಮ ತನಗೆ ಗೊತ್ತಿದ್ದ ರೀತಿಯಲ್ಲಿ ತಯಾರಾದಳು. ಹಗ್ಗ ಬಿಗಿದು, ಡಬ್ಬ ಹಿಡಿದು, ಇಡೀ ಕೋಣೆಯನ್ನು ನೆಲದ ಮೇಲೆ ಬೂದಿಯಲ್ಲಿ ಬರೆದಳು. ಬಾಗಿಲು ಇಲ್ಲಿ, ಕಿಟಕಿ ಇಲ್ಲಿ. ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವ ಹಾಗೆ ಹೊಲಿಗೆ ಮಿಷನ್ನು, ಗೋಡೆಗೆ ತಾಗಿ ಮಂಚ. ಮೂಲೆಯಲ್ಲಿ ಒಲೆ. ಒಲೆಯನ್ನು ಮೂರು ಸಲ ಅಳಿಸಿ ಬರೆದಳು. ಅಕ್ಕ ಎಡಗೈಯವಳು, ಹೊಗೆ ಅವಳ ಮುಖಕ್ಕೆ ಬರಬಾರದು. ಬರೆದು ಮುಗಿಸಿ ಗೆರೆಯೊಳಗೆ ಒಂದು ಗಳಿಗೆ ನಿಂತಳು. ಯಾರದೋ ಮನೆಗೆ ಹೇಳದೆ ಬಂದ ಹಾಗೆ ನಾಚಿಕೆಯಾಗಿ, ಬಾಗಿಲು ಬರೆದ ಕಡೆಯಿಂದಲೇ ಹೊರಗೆ ಬಂದಳು.

ಟೇಪಿನ ಸಾಹೇಬರು ಅಂತ ಆ ಕಡೆಯ ಜನ ಕರೆಯುವ ಅಧಿಕಾರಿ ಹನ್ನೊಂದು ಗಂಟೆಗೆ ಬಂದರು. ತೆಳ್ಳಗಿನ, ಮೆಲುಮಾತಿನ ಮನುಷ್ಯ. ರಸ್ತೆಯಿಂದ ಎಷ್ಟು, ಬೇಲಿಯಿಂದ ಎಷ್ಟು ಎಂದು ಅಳೆದರು. ಬೂದಿಯ ಕೋಣೆಯನ್ನು ನೋಡಿ ಅವರಿಗೆ ಖುಷಿಯೇ ಆಯಿತು. ಇಷ್ಟು ಚೆನ್ನಾಗಿ ಗುರುತು ಹಾಕಿದ್ದನ್ನು ಕಂಡಿರಲಿಲ್ಲ ಅಂದರು. ಆಮೇಲೆ ಮೂಲೆಯ ಹತ್ತಿರ ನಿಂತರು. ಇದೇನು ಅಂತ ಕೇಳಿದರು. ಅಕ್ಕನ ಒಲೆ ಅಂದಳು ಸಸಿಯಮ್ಮ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹಸಿರು ವಲಯದಲ್ಲಿ ಒಂದು ಜಮೀನಿಗೆ ಒಂದೇ ಮನೆ, ಅಮ್ಮ. ಗೋಡೆ ಎಷ್ಟಿದ್ರೂ ನಮಗೆ ಚಿಂತೆಯಿಲ್ಲ. ನಾವು ಎಣಿಸೋದು ಒಲೆ. ಎರಡು ಒಲೆ ಅಂದ್ರೆ ಎರಡು ಮನೆ." ಸೌದೆಯದಾದರೂ ಅಷ್ಟೇ, ಗ್ಯಾಸಿನದಾದರೂ ಅಷ್ಟೇ ಎಂದು ವಿವರಿಸಿದರು. ಕಂಡದ್ದನ್ನು ತಾನು ಬರೆಯಲೇಬೇಕು ಅಂದರು. ಕನ್ನಡಕ ಮತ್ತೆ ಹಾಕಿಕೊಂಡು, ಬಾವಿಯ ದೂರ ಅಳೆಯುವುದು ಬಾಕಿಯಿದೆ, ಹೋಗಿ ಬರಲು ಹತ್ತು ನಿಮಿಷವಾಗುತ್ತದೆ ಎಂದರು. "ಗಾಳಿ ಬೀಸ್ತಾ ಇದೆ. ಬೂದಿ ಅಲ್ವಾ, ನಾನು ಬರೋ ಹೊತ್ತಿಗೆ ಏನಿರುತ್ತೋ ಏನಿರಲ್ಲವೋ."

ಅವರು ಬಾವಿಯ ಕಡೆ ನಿಧಾನವಾಗಿ, ಒಮ್ಮೆಯೂ ತಿರುಗಿ ನೋಡದೆ ಹೋದರು. ಸಸಿಯಮ್ಮ ಗಾಳಿಯನ್ನು ನೋಡಿದಳು. ಹೌದು, ಒಲೆಯ ಗೆರೆಯ ಒಂದು ಬದಿ ಆಗಲೇ ತೆಳ್ಳಗಾಗಿತ್ತು. ಮನೆಯ ಹಿಂದೆ ಓಡಿ ಮೂರು ದಪ್ಪ ಕಲ್ಲು ಹೊತ್ತು ತಂದು, ಒಲೆ ಬರೆದ ಜಾಗದಲ್ಲಿ ಅಲುಗದ ಹಾಗೆ ಊರಿದಳು.

ಸಾಹೇಬರು ಬಂದವರು ಕಲ್ಲುಗಳನ್ನು ನೋಡಿದರು, ಅವಳ ಕೈಗೆ ಮೆತ್ತಿದ ಮಣ್ಣನ್ನು ನೋಡಿದರು. ಜೇಬಿನಿಂದ ಪೆನ್ನು ತೆಗೆದರು.

ವಿಷಯ ಕೇಳಿದ ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಕೇಳಿದ್ದೆ, ಇಲ್ಲಿ ಪೂಜಾರಿಯೂ ಕೊಟ್ಟ, ನೀವು ಬೇಡ ಅಂದಿರಿ ಎಂದ. ಆಗಲೇ ಅವಳಿಗೆ ಆ ಹತ್ತು ನಿಮಿಷದ ಅರ್ಥ ಹೊಳೆದದ್ದು.

ಇಪ್ಪತ್ತು ದಿನಕ್ಕೆ ಕಾಗದ ಬಂತು. ಈಗಿರುವ ಮನೆಯ ಭಾಗವಾಗಿ ಒಂದು ಕೋಣೆ ಕಟ್ಟಬಹುದು. ಅದರಲ್ಲಿ ಒಲೆ, ಹೊಗೆಕಿಂಡಿ, ಪಾತ್ರೆ ತೊಳೆಯುವ ತೊಟ್ಟಿ ಇರಕೂಡದು. ಸಸಿಯಮ್ಮ ಅದನ್ನು ಫೋನಿನಲ್ಲಿ ಅಕ್ಷರ ಬಿಡದೆ ಅಕ್ಕನಿಗೆ ಓದಿ ಹೇಳಿದಳು. ಆ ಕಡೆ ಮಿಷನ್ನಿನ ಸದ್ದು ನಿಂತಿತು. ಹಾಗಾದರೆ ಕಟ್ಟಬೇಡ, ನಾನು ಬೇರೆ ನೋಡಿಕೊಳ್ಳುತ್ತೇನೆ ಅಂದಳು ಅಕ್ಕ. ಬೇರೆ ಎಲ್ಲಿ ಅಂತ ಇವಳು ಕೇಳಲಿಲ್ಲ. ಬೇರೆ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಸಂಜೆ ಡಬ್ಬ ಹಿಡಿದು ಮಸುಕಾಗಿದ್ದ ಕೋಣೆಯನ್ನು ಮತ್ತೆ ತಿದ್ದುತ್ತ, ಮಂಚ ಬರೆದ ಜಾಗದಲ್ಲಿ ಸುಸ್ತಾಗಿ ಕೂತಳು. ಕೂತಲ್ಲಿಂದ ಅಡುಗೆಮನೆಯ ಕಿಟಕಿ ನೇರ ಎದುರಿಗಿತ್ತು. ಮೂವತ್ತು ವರ್ಷ ಅದರೊಳಗಿಂದ ಹೊರಗೆ ನೋಡಿದ್ದಳೇ ಹೊರತು ಹೊರಗೆ ಕೂತು ಒಳಗೆ ನೋಡಿದ್ದಿಲ್ಲ. ಒಲೆಯ ಕೆಂಡ ಸಣ್ಣಗೆ ಕಾಣುತ್ತಿತ್ತು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ಎದ್ದು, ಹೊಲಿಗೆ ಮಿಷನ್ನು ಬರೆದ ಚೌಕವನ್ನು ಕಾಲಿನಿಂದ ಉಜ್ಜಿ ಅಳಿಸಿದಳು. ಮೂರು ಕಲ್ಲನ್ನೂ ಎತ್ತಿ ಬೇಲಿಯಾಚೆ ಹಾಕಿದಳು. ಮಂಚ ಮಾತ್ರ ಉಳಿಯಿತು.

ಮರುದಿನ ಫೋನು ಮಾಡಿ, ಹಳೆಯ ಮನೆ ನಿನಗೆ, ಹೊಸ ಕೋಣೆ ನನಗೆ ಅಂದಳು.

"ಒಲೆ ಯಾರದು?" ಅಂತ ಕೇಳಿದಳು ಅಕ್ಕ.

"ನಿಂದೇ."

"ಬರೀ ಬಾಯಲ್ಲಿ ಹೇಳ್ಬೇಡ. ನಿನ್ನ ಪಾತ್ರೆಪಗಡ ಎಲ್ಲ ತೆಗಿ. ನನ್ನವನ್ನ ನಾನು ತರ್ತೀನಿ." ಸ್ವಲ್ಪ ತಡೆದು, "ನಿನ್ನ ಊಟ?" ಅಂದಳು.

"ನಾನು ನೋಡ್ಕೊತೀನಿ."

ಕೋಣೆ ಎದ್ದಿತು. ಸಸಿಯಮ್ಮ ತನ್ನ ಪಾತ್ರೆಗಳನ್ನು ಒಂದೊಂದಾಗಿ ತೊಳೆದು ಒರೆಸಿ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಳು. ಆ ಸೌಟು ಕೈಗೆ ಸಿಕ್ಕಾಗ ಚೀಲದ ತಳಕ್ಕೆ ತಳ್ಳಿದಳು. ಒಂದು ತಟ್ಟೆ, ಒಂದು ಲೋಟ, ಒಂದು ಚಾಕು ಮಾತ್ರ ಹೊಸ ಕೋಣೆಯ ಗೂಡಿಗೆ ಬಂದವು.

ಅಕ್ಕ ಸಣ್ಣ ಲಾರಿಯಲ್ಲಿ ಮಿಷನ್ನು, ಎರಡು ಪೆಟ್ಟಿಗೆ, ಒಂದು ಪಾತ್ರೆ ಮೂಟೆಯೊಂದಿಗೆ ಬಂದಿಳಿದಳು. ಅಡುಗೆಮನೆಯ ಮೂಲೆ ಮೂಲೆ ಇಣುಕಿ, ಒಂದು ಚಮಚವೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಒಲೆ ಹಚ್ಚಿದಳು.

ಹಗಲೆಲ್ಲ ಇಬ್ಬರೂ ಮಾತಾಡುತ್ತಿದ್ದರು. ಯಾವ ಮಡಿಗೆ ನೀರು, ಯಾವ ಸಸಿಗೆ ಹುಳ, ಪೇಟೆಯ ಯಾರ ಮಗಳು ರವಿಕೆ ಹೊಲಿಸಿಕೊಂಡು ಮಜೂರಿ ಕೊಡದೆ ಮದುವೆಯಾದಳು. ಊಟದ ಹೊತ್ತು ಹತ್ತಿರವಾದಂತೆ ಮಾತು ತಾನಾಗಿ ಆರಿಹೋಗುತ್ತಿತ್ತು. ಅಕ್ಕ ಒಳಗೆ ಹೋಗುವಳು. ತಂಗಿ ತನ್ನ ಕೋಣೆಗೆ ಹೋಗಿ, ಬನ್ನು, ಬಾಳೆಹಣ್ಣು, ಸೌತೆಕಾಯಿ ಮುಂದಿಟ್ಟುಕೊಂಡು ಕೂರುವಳು. ಕಿಟಕಿಯಿಂದ ಒಗ್ಗರಣೆಯ ಸಿಡಿತ ಕೇಳುತ್ತಿತ್ತು, ಘಮ ಬರುತ್ತಿತ್ತು. ಇಷ್ಟು ವರ್ಷ ಒಬ್ಬಳೇ ಉಂಡಾಗ ಆಗದ ಒಂಟಿತನ, ಇಪ್ಪತ್ತು ಅಡಿ ದೂರದಲ್ಲಿ ಒಬ್ಬಳು ಉಣ್ಣುತ್ತಿರುವಾಗ ಆಗುತ್ತಿತ್ತು. ಕೇಳಲಾರಳು, ನಾನು ನೋಡ್ಕೊತೀನಿ ಅಂತ ಮಾತು ಕೊಟ್ಟವಳು. ಅಕ್ಕನ ಕಣ್ಣಿಗೆ ಕಸದ ಬುಟ್ಟಿಯ ಬನ್ನಿನ ಕವರುಗಳು ಬೀಳದೆ ಇರಲಿಲ್ಲ. ಒಂದು ದಿನ ಅವನ್ನು ಮಡಿಸಿ ಒಂದರೊಳಗೊಂದು ಸೇರಿಸಿ ಮತ್ತೆ ಬುಟ್ಟಿಗೇ ಹಾಕಿದ್ದಳು. ಅಷ್ಟೇ.

ಅಕ್ಕ ಬಂದ ಹದಿನೇಳನೆಯ ದಿನ ಟೇಪಿನ ಸಾಹೇಬರು ಕಟ್ಟಡ ಮುಗಿದದ್ದನ್ನು ನೋಡಲು ಬಂದರು. ಹೊಸ ಕೋಣೆಯ ಮೂಲೆಗಳನ್ನು ನೋಡಿದರು. ಗೋಡೆಯಲ್ಲಿ ಹೊಗೆಯ ಕಲೆಯಿಲ್ಲ, ಕಿಂಡಿಯಿಲ್ಲ. ಗೂಡಿನಲ್ಲಿದ್ದ ತಟ್ಟೆ, ಲೋಟ, ಅರ್ಧ ಬನ್ನಿನ ಮೇಲೆ ಅವರ ಕಣ್ಣು ಒಂದಿಷ್ಟು ಹೆಚ್ಚೇ ಹೊತ್ತು ನಿಂತಿತು. ಅಂಗಳಕ್ಕೆ ಬಂದು ಕಾಗದ ಬಿಡಿಸಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೊರಳಲ್ಲಿ ಅಳತೆ ಪಟ್ಟಿ.

"ಒಂದು ಪ್ರಶ್ನೆ ಉಳೀತು," ಅಂದರು ಸಾಹೇಬರು. "ಇದು ಒಂದೇ ಮನೆ ಅಂತ ನಾನು ಬರೀಬೇಕು. ಇಬ್ಬರೂ ಒಂದೇ ಒಲೇಲಿ ಉಣ್ತೀರಾ?"

ಸಸಿಯಮ್ಮನ ಬಾಯಿಗೆ ಇಲ್ಲ ಅನ್ನುವುದು ಬಂದುಬಿಟ್ಟಿತ್ತು. ಕಲ್ಲು ಹೊತ್ತು ತಂದ ದಿನ ನೆನಪಾಗಿ ತುಟಿ ಬಿಗಿಹಿಡಿದಳು. ಹೌದು ಅನ್ನಲೂ ನಾಲಿಗೆ ಹೊರಳಲಿಲ್ಲ. ಸೌಟು ಹಿಡಿದು ನಿಂತ ಆ ಮಧ್ಯಾಹ್ನದ ಹಾಗೆಯೇ ನಿಂತಳು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಬಟ್ಟೆಯ ಮೇಲೆ ಕತ್ತರಿ ಇಡುವ ಮುಂಚೆ ನೋಡುವ ಹಾಗೆ.

"ಹೂಂ, ಒಂದೇ ಒಲೆ," ಅಂದಳು ಅಕ್ಕ. "ಬರ್ಕೊಳ್ಳಿ."

ಸಾಹೇಬರು ಬರೆದುಕೊಂಡು, ಇಬ್ಬರ ಸಹಿ ಹಾಕಿಸಿಕೊಂಡು ಹೊರಟರು. ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಆ ಮಾತು ಸಾಹೇಬರಿಗೆ ಹೇಳಿದ್ದೋ ತನಗೆ ಹೇಳಿದ್ದೋ ಸಸಿಯಮ್ಮನಿಗೆ ತಿಳಿಯಲಿಲ್ಲ. ಮಧ್ಯಾಹ್ನವೆಲ್ಲ ಮೆಣಸಿನ ಮಡಿಯಲ್ಲಿ ಕಳೆ ಕಿತ್ತಳು, ಕಳೆಯಿಲ್ಲದ ಕಡೆಯೂ ಕಿತ್ತಳು. ಹೊತ್ತು ಇಳಿಯುವಾಗ ಕೈಕಾಲು ತೊಳೆದು ಕೋಣೆಗೆ ಹೋಗಿ, ಬೆಳಗಿನ ಅರ್ಧ ಬನ್ನನ್ನು ಕೈಗೆ ತೆಗೆದುಕೊಂಡಳು.

ಹೊಸ್ತಿಲಲ್ಲಿ ಲೋಹದ ಸದ್ದಾಯಿತು. ಹೊಸ್ತಿಲ ಮೇಲೆ ಒಂದು ತಟ್ಟೆ, ಅದರ ಮೇಲೆ ಮುಚ್ಚಿದ ಇನ್ನೊಂದು ತಟ್ಟೆ. ಅಕ್ಕ ಆಗಲೇ ಬೆನ್ನು ತಿರುಗಿಸಿದ್ದಳು.

"ಬರೆದು ಸಹಿ ಹಾಕಿದ ಮೇಲೆ ಸುಳ್ಳಾಗಬಾರದಲ್ಲ," ಅಂದಳು ನಡೆಯುತ್ತಲೇ.

ಅಕ್ಕ ಒಳಗೆ ಬಾ ಅನ್ನಲಿಲ್ಲ. ಇವಳೂ ತಟ್ಟೆ ಎತ್ತಿಕೊಂಡು ಅಲ್ಲಿಗೆ ಹೋಗಲಿಲ್ಲ. ಮಂಚದ ತುದಿಯಲ್ಲಿ ಕೂತು ಮುಚ್ಚಳ ತೆಗೆದಳು. ಬಿಸಿ ಮುಖಕ್ಕೆ ಬಡಿಯಿತು. ಹದಿನೇಳು ದಿನದ ಮೇಲೆ ಬೇಯಿಸಿದ ತುತ್ತು. ಬಾಯಿಗಿಟ್ಟಳು. ಉಪ್ಪೋ ಉಪ್ಪು. ಮೂವತ್ತನಾಲ್ಕು ವರ್ಷ ಒಬ್ಬಳಿಗೇ ಹಾಕಿದ ಕೈ. ಇಬ್ಬರಿಗೆ ಎಷ್ಟು ಅಂತ ತಿಳಿಯದೆ ಎರಡು ಸಲ ಬಿದ್ದಿತ್ತೇನೋ.

ಅಡುಗೆಮನೆಯ ಕಿಟಕಿಯಿಂದ ದನಿ ಬಂತು. "ಉಪ್ಪು ಹೇಗಿದೆ?"

ಸಸಿಯಮ್ಮ ಇನ್ನೊಂದು ತುತ್ತು ನುಂಗಿದಳು. ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಸರಿಯಾಗಿದೆ ಕಣಕ್ಕ."

ಆ ಕಡೆ ಅಕ್ಕ ಲೋಟಕ್ಕೆ ನೀರು ಬಗ್ಗಿಸಿಕೊಂಡು ಕುಡಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಲೋಟ ಬಗ್ಗಿಸಿಕೊಂಡಳು.