ಒಂದೇ ತಾರೀಖಿನ ಮಕ್ಕಳು

ಒದ್ದೆ ಬಟ್ಟೆ ಸುತ್ತಿದ ಕೋಲು ಅವಳ ಕಾಲಿನ ಹತ್ತಿರ ಬಂದು ನಿಂತಿತು, ನೆಲ ಒರೆಸುವ ಹೆಂಗಸು ಇನ್ನೇನು ಕಾಲೆತ್ತಿ ಅಜ್ಜಿ ಅನ್ನುತ್ತಾಳೆ ಅಂದುಕೊಂಡರೆ, ಇಲ್ಲ, ತಾನೇ ಬಗ್ಗಿ ಕೆಳಗಿದ್ದ ಚೀಲವನ್ನೆತ್ತಿ ಬೆಂಚಿನ ಮೇಲಿಟ್ಟು, ಪಾದಗಳ ಸುತ್ತ ಗೆರೆ ಎಳೆದ ಹಾಗೆ ಒರೆಸಿಕೊಂಡು ಮುಂದೆ ಸಾಗಿದಳು, ಮಂಡಿ ನೋವಿನವರನ್ನು ಕಂಡರೆ ಗೊತ್ತಾಗುತ್ತದೇನೋ, ಆ ಹೆಂಗಸಿನ ಮನೆಯಲ್ಲೂ ಇಂಥದೇ ಮಂಡಿಯ ಒಬ್ಬ ತಾಯಿ ಇರಬೇಕು — ನೆಲದಿಂದ ಎದ್ದ ಘಾಟು ಮಾತ್ರ ಆಗಿನದೇ, ಗೋಡೆಗೆ ಬಿಳಿ ಟೈಲ್ಸ್ ಬಂದಿದೆ, ಮೂಲೆಯಲ್ಲಿ ಟೀವಿ ನೇತುಹಾಕಿದ್ದಾರೆ, ಬೆಂಚುಗಳೂ ಹೊಸವು, ಆದರೆ ಆಸ್ಪತ್ರೆಯ ವಾಸನೆಯನ್ನು ಇಷ್ಟು ವರ್ಷವಾದರೂ ಯಾರೂ ಬದಲಾಯಿಸಿಲ್ಲ, ಮೂಗಿನೊಳಗೆ ಹೊಕ್ಕರೆ ಸೀದಾ ಹೋಗಿ ಎದೆಯಲ್ಲಿ ಕೂರುತ್ತದೆ. ಪಕ್ಕದಲ್ಲಿ ಮಹಡಿ ಮನೆಯ ಹುಡುಗಿ, ನೀಲಿ ಗೌನು ತೊಟ್ಟು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಟೀವಿ ನೋಡುತ್ತಿದ್ದಾಳೆ, ಗೌನು ಎಷ್ಟು ದೊಗಳೆಯೆಂದರೆ ಕತ್ತಿನ ಹತ್ತಿರ ಎರಡು ಬೆರಳು ತೂರಿಸಬಹುದು, ಮಗನ ಅಂಗಿಗಳೂ ಹಾಗೇ, ಬೆಳೀತಾನೆ ಬಿಡೇ ಅಂತ ಇವರು ಯಾವಾಗಲೂ ಒಂದು ಅಳತೆ ದೊಡ್ಡದೇ ತರುತ್ತಿದ್ದರು, ಬೇಡ, ಈಗ ಅದು ಬೇಡ. ಬೆಳಗ್ಗೆ ಹುಡುಗಿಯ ಗಂಡ ಬಾಗಿಲು ತಟ್ಟಿದಾಗ ಅವಳು ಎದ್ದೇ ಇದ್ದಳು, ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ತಾನಾಗಿ ಹೋಗುವ ಹಾಗೆ ಈ ತಾರೀಖಿಗೆ ಕಣ್ಣು ತಾನಾಗಿ ತೆರೆಯುತ್ತದೆ, ಅಜ್ಜಿ, ನಮ್ಮಮ್ಮ ಬರ್ತಿದ್ದ ಬಸ್ಸು ದಾರೀಲಿ ಕೆಟ್ಟು ನಿಂತಿದೆಯಂತೆ, ಒಂಚೂರು ಆಸ್ಪತ್ರೇಲಿ ಇವಳ ಜೊತೆ ಕೂತಿರ್ತೀರಾ, ಅಂದ. ಯಾಕಪ್ಪಾ, ನೋವು ಶುರುವಾಯ್ತಾ? ನೋವೇನಿಲ್ಲ ಅಜ್ಜಿ, ಇವತ್ತೇ ಆಪರೇಷನ್ ಮಾಡಿಸಿ ತೆಗೆಸಿಬಿಡ್ತಿದೀವಿ, ಇವತ್ತು ಯಾವ ತಾರೀಖು ಹೇಳಿ ನೋಡೋಣ, ನಿಮಗೆ ಗೊತ್ತಿಲ್ದೇ ಇರುತ್ತಾ, ಅಂತ ನಕ್ಕ, ಮುಖ ತುಂಬ ನಗು, ಆ ನಗುವಿನ ಮುಂದೆಯೇ ಅವಳು ಚಪ್ಪಲಿ ಮೆಟ್ಟಿ ಹೊರಟುಬಂದಳು.

ಈಗ ಅವನು ರಕ್ತ ಕೊಡುವ ಗೆಳೆಯರನ್ನು ಹುಡುಕಿಕೊಂಡು ಹೋಗಿದ್ದಾನೆ, ಡಾಕ್ಟರಮ್ಮ ಆಗಲೇ ಒಮ್ಮೆ ಬಂದು ಹೋದರು, ಇನ್ನೂ ಮೂರು ವಾರ ಒಳಗಿದ್ದಿದ್ರೆ ಮಗೂನ ಉಸಿರಾಟಕ್ಕೆ ಒಳ್ಳೇದಿತ್ತು, ಹೇಳೋದು ಹೇಳಿದೀನಿ, ನೀವು ಹಟ ಹಿಡಿದು ಸಹಿ ಹಾಕಿದೀರಿ, ಈಗಲೂ ಬೇಡ ಅಂದ್ರೆ ಒಂದು ಮಾತು ಹೇಳಮ್ಮ, ಮನೆಗೆ ಕಳಿಸ್ತೀನಿ, ಅಂದಾಗ ಹುಡುಗಿ ತಲೆ ತಗ್ಗಿಸಿ ನಕ್ಕಳು, ಉಸಿರಾಟ, ಆ ಮಾತು ಕೇಳಿದಾಗಿನಿಂದ ಪಕ್ಕದಲ್ಲಿ ಕೂತ ಅವಳಿಗೆ ತನ್ನ ಉಸಿರೇ ಕೇಳಿಸುತ್ತಿದೆ. ಅವಸರದ ಮಗು ಕಣಮ್ಮ ನಿನ್ನದು, ಅಂತ ಆಗಿನ ಆಯಾ ಹೇಳಿದ್ದಳು, ಹತ್ತಿಯಲ್ಲಿ ಸುತ್ತಿ ಎದೆಗಿಟ್ಟಿದ್ದಳು, ಗುಬ್ಬಿಮರಿಯ ಹಾಗೆ ಪಕ್ಕೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಎದೆಗೂಡು ಬಲಿಯಲೇ ಇಲ್ಲ, ಎರಡು ಮೆಟ್ಟಿಲು ಹತ್ತಿದರೆ ಸೀಟಿ ಊದಿದ ಹಾಗೆ ಸದ್ದು, ಕ್ರೀಡಾ ಹಾಸ್ಟೆಲ್ಲಿನ ವಾರ್ಡನ್ನರ ಮಗ, ಅಂಗಳದ ತುಂಬ ಓಡುವ ಜಿಗಿಯುವ ಮಕ್ಕಳು, ಅವನು ಮಾತ್ರ ಜಗುಲಿಯಲ್ಲಿ ಕೂತು ಎಲ್ಲರ ಚಪ್ಪಲಿ ಕಾಯುತ್ತಿದ್ದ, ಯಾರ ಚಪ್ಪಲಿ ಯಾವುದು ಅಂತ ಒಂದೂ ತಪ್ಪದೆ ಹೇಳುತ್ತಿದ್ದ. ಅಜ್ಜಿ ನೋಡಿ ನೋಡಿ, ಬಂದ್ರು ನಿಮ್ಮ ಮಕ್ಕಳು! ಹುಡುಗಿ ಮೊಣಕೈಯಿಂದ ತಿವಿದಳು, ಟೀವಿಯಲ್ಲಿ ಕೋಟು ತೊಟ್ಟವನು ಉಸಿರು ಬಿಡದೆ ಹೇಳುತ್ತಿದ್ದಾನೆ, ಒಬ್ಬ ಈಜುಗಾರ, ಒಬ್ಬ ಭಾರ ಎತ್ತುವವ, ಒಬ್ಬಳು ಓಟಗಾರ್ತಿ, ಬೇರೆ ಬೇರೆ ವರ್ಷ, ಬೇರೆ ಬೇರೆ ಆಟ, ಆದರೆ ಹುಟ್ಟಿದ ತಾರೀಖು ಒಂದೇ, ಬೆಳೆದ ಹಾಸ್ಟೆಲ್ಲೂ ಒಂದೇ, ಏನಿದು ಈ ದಿನದ ಮಹಿಮೆ, ಅಂತ. ಮಹಿಮೆಯಂತೆ. ಆ ಈಜುಗಾರ ಅಂದರೆ ಕಪ್ಪೆ, ಒದ್ದೆ ಚಡ್ಡಿಯನ್ನು ದಿಂಬಿನ ಮೇಲೆ ಒಣಹಾಕಿ ದಿನಾ ಬೈಸಿಕೊಳ್ಳುತ್ತಿದ್ದವನು, ಭಾರ ಎತ್ತುವವನು ಮೂಟೆ, ಎಲ್ಲಿ ಕೂರಿಸಿದರೆ ಅಲ್ಲೇ ನಿದ್ದೆ, ಓಡುವವಳು ಬಿಸಿಗಾಲಿ, ಊಟದ ತಟ್ಟೆಯ ಮುಂದೆಯೂ ಒಂದು ಕಡೆ ಕಾಲು ಊರಿ ನಿಂತವಳಲ್ಲ. ಮೂವರೂ ಒಬ್ಬರಾದ ಮೇಲೊಬ್ಬರು ಟೀವಿಯಲ್ಲಿ ಕತ್ತು ಬಗ್ಗಿಸುತ್ತಾರೆ, ಯಾರೋ ಪದಕದ ಪಟ್ಟಿ ಹಾಕುತ್ತಾರೆ, ಮತ್ತೆ ಬಗ್ಗಿಸುತ್ತಾರೆ, ಮತ್ತೆ ಹಾಕುತ್ತಾರೆ, ಅದೇ ಚಿತ್ರ ತಿರುಗಿ ತಿರುಗಿ — ಅವಳ ಮಗ ಬಗ್ಗಿಸುತ್ತಿರಲಿಲ್ಲ, ಅವನು ಗದ್ದ ಎತ್ತುತ್ತಿದ್ದ, ಅಂಗಿಯ ಮೇಲಿನ ಗುಂಡಿ ಹಾಕು ಅಂತ, ಸೂರು ನೋಡುವಷ್ಟು ಎತ್ತರಕ್ಕೆ ಗದ್ದ ಎತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ.

ಅವನು ಹೋದ ಮೇಲೆ ಪ್ರತಿ ವರ್ಷ ಅವನು ಹುಟ್ಟಿದ ಈ ದಿನ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು, ಒಲೆ ಹಚ್ಚುತ್ತಿರಲಿಲ್ಲ, ಇವರು ಏನೂ ಅನ್ನುತ್ತಿರಲಿಲ್ಲ, ಹಾಸ್ಟೆಲ್ಲಿನ ಅಡುಗೆಯವನ ಹತ್ತಿರ ಒಂದು ತಟ್ಟೆ ತಂದು ಮುಚ್ಚಿಟ್ಟು ಹೋಗುತ್ತಿದ್ದರು, ಒಂದು ವರ್ಷ ಮಾತ್ರ ಬಾಗಿಲಲ್ಲಿ ಕೆಮ್ಮಿದರು, ಏಳ್ತೀಯೇನೇ, ಈ ಹೊಸ ಹುಡುಗಂದೂ ಇವತ್ತೇ ಹುಟ್ಟಿದ ದಿನವಂತೆ, ಪಾಪ, ಇವನ ಕಡೆಯೋರು ಅಂತ ಯಾರೂ ಇಲ್ಲ, ಒಂದು ಮೇಣದಬತ್ತಿ ಹಚ್ಚಿಕೊಡು ಬಾ. ಇವರ ಬೆನ್ನ ಹಿಂದೆ ತಗಡಿನ ಪೆಟ್ಟಿಗೆ ಹಿಡಿದ ಮೂಟೆ, ಮೂಗು ಸೋರುತ್ತಿದೆ, ಎದ್ದಳು, ಎದ್ದು ಮೊದಲು ಅವನ ಮೂಗು ಒರೆಸಿದಳು. ಮಾರನೆಯ ವರ್ಷ ಕಪ್ಪೆ ಬಂದ, ಅವನದೂ ಇವತ್ತೇ ಅಂತೆ ಕಣೇ, ಆಮೇಲೆ ಬಿಸಿಗಾಲಿ, ಅವಳದೂ ಇವತ್ತೇ, ಆಗ ಅವಳಿಗೆ ಹೊಳೆಯಿತು, ಹುಟ್ಟಿದ ದಿನ ಗೊತ್ತಿಲ್ಲದೆ ಬಂದ ಮಕ್ಕಳಿಗೆಲ್ಲ ಇವರು ಶಾಲೆಯಲ್ಲಿ ಇದೇ ತಾರೀಖು ಹೇಳಿ ಬರುತ್ತಿದ್ದಾರೆ, ತನ್ನನ್ನು ಹಾಸಿಗೆಯಿಂದ ಎಬ್ಬಿಸುವುದಕ್ಕೆ. ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ, ಸಾಯುವ ತನಕ ಹೇಳಲಿಲ್ಲ, ಎಷ್ಟು ಸಲ ಬಾಯಿವರೆಗೆ ಬಂತು, ನನ್ನ ಮಗನ ದಿನವನ್ನು ಕಂಡವರ ಮಕ್ಕಳಿಗೆ ಹಂಚಿಬಿಟ್ಟಿರಲ್ಲಾ ಅಂತ, ಆದರೆ ಹೇಗೆ ಕೇಳುವುದು, ಇವರು ಕೇಕಿನ ಪೊಟ್ಟಣದ ದಾರ ಬಿಚ್ಚುತ್ತಲೇ ಅವಳ ಮುಖವನ್ನೇ ಕದ್ದು ನೋಡುತ್ತಿದ್ದರು, ಎದ್ದಳಲ್ಲ, ಸದ್ಯ, ಅನ್ನುವ ಹಾಗೆ. ಮೂರೇ ಜನ ಅನ್ನುತ್ತಾನೆ ಟೀವಿಯವನು, ಮೂರಲ್ಲಪ್ಪಾ, ಆಮೇಲೂ ಎಷ್ಟೋ ಮಕ್ಕಳಿಗೆ ಇದೇ ತಾರೀಖು ಹೋಯಿತು, ಕಾಲು ಮುರಿದುಕೊಂಡು ಆಟ ಬಿಟ್ಟ ಗೂಳಿ, ಲಾರಿ ಓಡಿಸುವ ಕಡ್ಡಿಪುಡಿ, ಹಾಸ್ಟೆಲ್ಲಿನ ಗೋಡೆ ಹಾರಿ ಹೋದವನು ಮತ್ತೆ ಬರಲೇ ಇಲ್ಲ, ಈಗ ಬದುಕಿದ್ದಾನೋ ಇಲ್ಲವೋ, ಅವರೆಲ್ಲ ಯಾವ ಟೀವಿಗೂ ಬೇಡ, ಅವರೂ ಅದೇ ಕೇಕು ತಿಂದವರು, ಅದೇ ಬತ್ತಿ ಆರಿಸಿದವರು.

ಮೂಟೆಗೆ ಮಾತ್ರ ಗೊತ್ತು, ಪೂರ್ತಿ ಅಲ್ಲ, ಅರ್ಧ. ಅಮ್ಮಾ, ನಾನು ಹುಟ್ಟಿದಾಗ ಬಿಸಿಲಿಗೆ ರಸ್ತೆ ಟಾರು ಕರಗ್ತಾ ಇತ್ತಂತೆ, ನಮ್ಮಜ್ಜಿ ಹೇಳ್ತಿದ್ಲು, ಇವತ್ತು ನೋಡಿದ್ರೆ ಬಾಯಲ್ಲಿ ಹೊಗೆ ಬರೋಷ್ಟು ಚಳಿ, ಅಂದಿದ್ದ, ಆಗ ಮೀಸೆ ಚಿಗುರುತ್ತಿತ್ತು, ಅವಳ ಕೈಯ ಚಾಕು ಕೇಕಿನಲ್ಲಿ ಅರ್ಧಕ್ಕೆ ನಿಂತಿತು, ಅವನು ಅವಳ ಮುಖ ನೋಡಿದ, ತೆರೆದಿದ್ದ ಕಪಾಟಿನಲ್ಲಿ ಬಟ್ಟೆಗಳ ನಡುವೆ ತಿರುಗಿಸಿಟ್ಟ ಫೋಟೋದ ಬೆನ್ನು ನೋಡಿದ, ಇರ್ಲಿ ಬಿಡಿ ಅಮ್ಮಾ, ನಂಗೆ ಈ ದಿನಾನೇ ಚೆನ್ನಾಗಿದೆ, ಅಂದ, ಅಷ್ಟೇ, ಅವತ್ತಿನಿಂದ ಪ್ರತಿ ವರ್ಷ ತನ್ನ ಪಾಲಿನ ಕೇಕಿನಲ್ಲಿ ಒಂದು ತುಣುಕು ಮುರಿದು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದ, ಯಾರಿಗೆ ಕಣೋ ಅದು, ಅಂತ ಕೇಳಿದರೆ ಇರುವೆಗಳಿಗೆ, ಪಾಪ, ಅವೂ ಭಾರ ಎತ್ತುತ್ತವೆ, ಅಂತ ಎಲ್ಲರನ್ನೂ ನಗಿಸುತ್ತಿದ್ದ. ಇವತ್ತೂ ಫೋನ್ ಮಾಡಿರುತ್ತಾನೆ, ಮನೆಯಲ್ಲಿ ಒಂದೇ ಸಮನೆ ರಿಂಗ್ ಆಗುತ್ತಿರುತ್ತದೆ. ಒಳ್ಳೆಯ ಮಕ್ಕಳು, ಒಬ್ಬರಲ್ಲೂ ಕೆಟ್ಟದ್ದಿಲ್ಲ, ಅದಕ್ಕೇ ಅವಳಿಗೆ ಯಾರ ಮೇಲೂ ಸಿಟ್ಟಾಗಲು ಬಾರದು, ತಾರೀಖು ಅಂದರೆ ಈಗ ಮೊದಲು ನೆನಪಾಗುವುದು ಪದಕಗಳು, ಚಪ್ಪಾಳೆ, ಆಮೇಲೆ ಎಲ್ಲೋ ಹಿಂದೆ ಜನರ ಕಾಲುಗಳ ನಡುವೆ ಅವನು, ಮುಖವೂ ಸರಿಯಾಗಿ ಕಾಣುವುದಿಲ್ಲ, ಹುಬ್ಬು ಹೇಗಿತ್ತು, ಮೂಗು ಇವರದೋ ತನ್ನದೋ, ಕಾಣುವುದು ಒಂದೇ, ಮೇಲಿನಿಂದ ನೋಡಿದ ಹಾಗೆ, ಎತ್ತಿದ ಗದ್ದ, ಅದರ ಕೆಳಗೆ ಹಾಲಿನ ಬಣ್ಣದ ಕತ್ತು, ಅಲ್ಲೊಂದು ನರ ಟಕಟಕ.

ಅಜ್ಜಿ, ನಿಜ ಹೇಳಿ, ಈ ದಿನದಲ್ಲಿ ಏನೋ ಇದೆ ಅಲ್ವಾ, ಅಂತ ಹುಡುಗಿ ಕೇಳುತ್ತಿದ್ದಾಳೆ, ಕಣ್ಣು ಟೀವಿಯ ಮೇಲೇ, ನಮ್ಮನೆಯೋರು ಲೆಕ್ಕ ಹಾಕ್ಸಿದಾರೆ, ಇವತ್ತು ಹುಟ್ಟಿದ್ರೆ ಮಗು ಗಟ್ಟಿಮುಟ್ಟಾಗಿರುತ್ತಂತೆ, ನಂಗೂ ಒಳಗೊಳಗೆ ಭಯಾನೇ ಅಜ್ಜಿ, ಆದ್ರೆ ನೀವೇ ಸಾಕಿದೀರಲ್ಲ ಅವರನ್ನ, ನೀವು ಹೂಂ ಅಂದ್ಬಿಟ್ರೆ ನಂಗೆ ಧೈರ್ಯ. ಹೂಂ ಅಂದುಬಿಟ್ಟರೆ. ಈಗ ಹೇಳಬೇಕು, ಈಗ, ಡಾಕ್ಟರಮ್ಮ ಒಂದು ಮಾತು ಸಾಕು ಅಂದಿದ್ದಾರೆ, ಆ ಮಾತು ಇಡೀ ಜಗತ್ತಿನಲ್ಲಿ ತನ್ನೊಬ್ಬಳ ಹತ್ತಿರ ಇದೆ, ಈ ದಿನದಲ್ಲಿ ಏನೂ ಇಲ್ಲ ಮಗಳೇ, ಇದು ಗಂಡನೊಬ್ಬ ಹೆಂಡತಿಯ ಕಣ್ಣೊರೆಸಲು ಮಾಡಿದ ಕೆಲಸ, ಮೂರು ವಾರ ಇರಲಿ ಬಿಡು, ಒಳಗೇ ಬೆಚ್ಚಗೆ ಬಲಿಯಲಿ ಬಿಡು, ಅವಸರದ ಮಗುವನ್ನು ನಾನು ಕಂಡಿದ್ದೇನೆ — ಬಾಗಿಲು ತೆರೆಯಿತು, ಗಾಲಿಕುರ್ಚಿ ತಳ್ಳಿಕೊಂಡು ಸಿಸ್ಟರ್ ಬಂದರು, ಹುಡುಗಿಯ ಹೊಟ್ಟೆ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡರು, ಎಲ್ಲಿ ಕಲಿಯುತ್ತಾರೋ ಇಂಥದ್ದನ್ನೆಲ್ಲ, ಬಾರಮ್ಮ, ಥಿಯೇಟರ್ ರೆಡಿ, ನಿಮ್ಮೆಜಮಾನ್ರು ಆ ಕಡೆ ಬಾಗಿಲಲ್ಲಿ ಇದಾರೆ, ಅಯ್ಯೋ, ಗೌನಿನ ಲಾಡಿನೇ ಕಟ್ಟಿಲ್ವಲ್ಲ, ಅಜ್ಜಿ, ಕತ್ತಿನ ಹತ್ರ ಒಂದು ಗಂಟು ಹಾಕಿಬಿಡಿ, ಹೋಗೋಣ. ಅವಳ ಬೆರಳು ಲಾಡಿಯ ಎರಡು ತುದಿ ಹಿಡಿದವು, ಬಾಯಿ ತಾನಾಗಿ ಆಡಿತು, ಈ ತಾರೀಖು ಅವರದ್ದಲ್ಲ ಕಣೇ, ಇದು ನನ್ನ ಮಗಂದು. ಹುಡುಗಿ ಸರಕ್ಕನೆ ತಿರುಗಿದಳು, ಮುಖ ಅರಳಿಹೋಯಿತು, ಏನಜ್ಜಿ, ನಿಮಗೆ ಮಗ ಇದಾನಾ, ಅವನದೂ ಇವತ್ತೇನಾ, ಯಾರೂ ಹೇಳಲೇ ಇಲ್ವಲ್ಲ ನಂಗೆ, ಸಿಸ್ಟರ್, ಕೇಳಿದ್ರಾ, ಮೂರಲ್ಲ, ನಾಲ್ಕು ಜನ! ಭಯ ಎಲ್ಲಾ ಹೋಯ್ತು ನೋಡಿ ಅಜ್ಜಿ, ಅವನೆಲ್ಲಿದಾನೆ, ಅವನದು ಯಾವ ಆಟ?

ಅವನೆಲ್ಲಿದ್ದಾನೆ — ಉತ್ತರ ಒಂದೇ ಪದ, ಆ ಪದ ಹೇಳಿದರೆ ಈ ಕುರ್ಚಿ ನಿಂತೀತು, ಹೇಳಬೇಕಾಗಿರುವುದು ಈಗಲೇ, ಆದರೆ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಥಿಯೇಟರಿಗೆ ಹೊರಟವಳ ಕಿವಿಗೆ ಆ ಪದ ಹಾಕುವುದುಂಟೇ, ಒಂದು ವೇಳೆ ಅವಳು ಅದನ್ನು ಕೇಳಿಯೂ ಒಳಗೆ ಹೋದರೆ, ಆ ಪದವೂ ಅವಳ ಜೊತೆ ಒಳಗೆ ಹೋದರೆ, ದೀಪದ ಕೆಳಗೆ ಮಲಗಿದಾಗ ಅದೇ ಕೇಳಿಸುತ್ತಿದ್ದರೆ, ಯಾವ ತಾಯಿ ಹೇಳಿಯಾಳು, ಹೇಳದೆ ಯಾವ ತಾಯಿ ಇದ್ದಾಳು. ಅಜ್ಜಿ, ಬೇಗ ಕಟ್ಟಿ, ಅಂತ ಸಿಸ್ಟರ್, ಹೇಳಿ ಅಜ್ಜಿ, ಅಂತ ಹುಡುಗಿ, ನಗುತ್ತಾ, ಗಂಟು ಹಾಕಲು ಸುಲಭವಾಗಲಿ ಅಂತ ಗದ್ದ ಎತ್ತಿದಳು, ಕಣ್ಣು ಮುಚ್ಚಿದಳು, ಕತ್ತಿನಲ್ಲಿ ಒಂದು ನರ ಟಕಟಕ — ಅವನು ಹೋದ ದಿನವೂ ಆಸ್ಪತ್ರೆಗೆ ಹೊರಡುವ ಮೊದಲು ಬಾಗಿಲ ಹತ್ತಿರ ಹೀಗೇ, ದೊಗಳೆ ಅಂಗಿ, ಮೇಲಿನ ಗುಂಡಿ, ಹಾಕು ಅಮ್ಮಾ, ಬೇಡ ಕಂದಾ, ಗಾಳಿಯಾಡಲಿ, ಉಸಿರು ಬರಲಿ ಅಂತ ಅವಳು ಹಾಕಲಿಲ್ಲ, ಅವನಿಗೆ ತಿಳಿಯಲಿಲ್ಲ, ಇನ್ನೂ ಹಾಕುತ್ತಾಳೆ ಅಂತ ಕಾದ, ಇವರು ಹೆಗಲಿಗೆ ಎತ್ತಿಕೊಂಡರೂ ಗದ್ದ ಇಳಿಸಲಿಲ್ಲ, ಬೀದಿಯುದ್ದಕ್ಕೂ ಇಳಿಸಲಿಲ್ಲ, ಹಾಗೇ ಕಣ್ಣು ಮುಚ್ಚಿಕೊಂಡು, ಗದ್ದ ಎತ್ತಿಕೊಂಡು — ಲಾಡಿಯ ಎರಡು ತುದಿ ಎರಡು ಕೈಯಲ್ಲಿ, ಗಂಟು ಬೀಳುವ ತನಕ ಇವಳು ಒಳಗೆ ಹೋಗುವಂತಿಲ್ಲ, ಬೆರಳು ಅಲ್ಲಾಡುವುದಿಲ್ಲ, ಅಜ್ಜಿ, ಅಂತ ಯಾರೋ, ಅಮ್ಮಾ, ಅಂತ ಯಾರೋ, ಎತ್ತಿದ ಗದ್ದ, ಅದರ ಕೆಳಗೆ ಕತ್ತು, ಕಾಯುತ್ತಿದೆ, ಎತ್ತಿದ ಗದ್ದ