ತರಬೇತಿ ಪಡೆದ ಬಾಳವ್ವ

ಎಂಆರ್‌ಐ ಕೋಣೆಯ ಬಾಗಿಲ ಮೇಲೆ ಒಂದು ಕೆಂಪು ದೀಪವಿತ್ತು. ರೋಗಿ ಒಳಗಿದ್ದಾಗ ಉರಿಯುತ್ತಿತ್ತು, ಸ್ಕ್ಯಾನ್ ಮುಗಿದಾಗ ಆರುತ್ತಿತ್ತು. ದೀಪ ಆರಿದರೆ ಯಂತ್ರವೂ ಆರಿತು ಎಂದೇ ಆಸ್ಪತ್ರೆಯ ಅರ್ಧ ಜನ ನಂಬಿದ್ದರು. ಒಳಗಿನ ದೈತ್ಯ ಅಯಸ್ಕಾಂತ ಸದಾ ಎಚ್ಚರವಾಗಿಯೇ ಇರುತ್ತದೆ, ಕಬ್ಬಿಣ ಕಂಡರೆ ಬಿಡುವುದಿಲ್ಲ ಎಂದು ಅವರಿಗೆಲ್ಲ ಹೇಳಿಕೊಡುವುದು ತಂತ್ರಜ್ಞನಾದ ನನ್ನ ಕೆಲಸವಾಗಿತ್ತು.

ನಾನು ಹೇಳಿಕೊಡಲಿಲ್ಲ. ತಪಾಸಣೆಯವರು ಬರುತ್ತಾರೆಂದು ಸುದ್ದಿ ಬಂದ ದಿನ ಮೇಲ್ವಿಚಾರಕ ವಾದಿರಾಜರು ತರಬೇತಿಯ ರಿಜಿಸ್ಟರನ್ನು ನನ್ನ ಕೈಗಿಟ್ಟು, "ಸಂಜೀಯೊಳಗ ಎಲ್ಲಾರ ಸಹಿ ಆಗಿರಬೇಕು ನೋಡ್ರಿ. ಪಾಠ ಆಮ್ಯಾಲ ಮಾಡೂಣಂತ" ಎಂದರು. ಕಸ ಗುಡಿಸುವ ಬಾಳವ್ವ ಮೆಟ್ಟಿಲು ಒರೆಸುತ್ತಿದ್ದಳು. ನಾನು ಚಾಚಿದ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತುತ್ತ, "ಯಾತಕ್ರೀ ಸರ ಇದು?" ಎಂದಳು.

"ನಿನ್ನ ಚಲೋದಕ್ಕನ, ಬಾಳವ್ವ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಪಾಠ ಮಾತ್ರ ಆಗಲೇ ಇಲ್ಲ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ನಾನು ಬಾಗಿಲಿಗೆ ಬೀಗ ಹಾಕದೆ ಊಟಕ್ಕೆ ಹೋದೆ. ಕೆಂಪು ದೀಪ ಆರಿತ್ತು. ಜೇಡರ ಬಲೆ ತೆಗೆಯಲೆಂದು ಬಾಳವ್ವ ಕಬ್ಬಿಣದ ಸ್ಟೂಲು ಎತ್ತಿಕೊಂಡು ಒಳಗೆ ಹೋದಳು. ಚೀರಾಟ ಕೇಳಿ ಓಡಿ ಬಂದಾಗ ಸ್ಟೂಲು ಯಂತ್ರಕ್ಕೆ ಕಚ್ಚಿಕೊಂಡಿತ್ತು, ನಡುವೆ ಅವಳ ಬಲಗೈ ಸಿಕ್ಕಿಕೊಂಡಿತ್ತು. ನಾಲ್ವರು ಎಳೆದರೂ ಅದು ಅಲುಗಲಿಲ್ಲ. ಅಯಸ್ಕಾಂತವನ್ನು ಆರಿಸುವ ಗುಂಡಿ ಗೋಡೆಯ ಮೇಲೇ ಇತ್ತು. ಅದನ್ನೊತ್ತಿದರೆ ಯಂತ್ರ ವಾರಗಟ್ಟಲೆ ನಿಂತುಹೋಗುತ್ತದೆಂದು ವಾದಿರಾಜರು ಮೇಲಿನವರ ಒಪ್ಪಿಗೆಗಾಗಿ ಫೋನು ಹಿಡಿದು ನಿಂತರು. ನಾನೂ ನಿಂತೆ. ಮುಕ್ಕಾಲು ಗಂಟೆ ಹಾಗೇ ಕಳೆಯಿತು. ಒಪ್ಪಿಗೆ ಬಂದು ಗುಂಡಿ ಒತ್ತುವಷ್ಟರಲ್ಲಿ ಕೈ ಸತ್ತೇ ಹೋಗಿತ್ತು; ಕೊನೆಗೆ ಅದನ್ನು ಮಣಿಕಟ್ಟಿನಿಂದಲೇ ಕತ್ತರಿಸಿ ತೆಗೆಯಬೇಕಾಯಿತು.

ವಿಚಾರಣೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ತರಬೇತಿ ಆಗಿದ್ದರೆ ತಪ್ಪು ಬಾಳವ್ವನದು, ಪರಿಹಾರವಿಲ್ಲ, ಕೆಲಸವೂ ಇಲ್ಲ. ಆಗಿರದಿದ್ದರೆ ತಪ್ಪು ನಮ್ಮದು. ಅಧಿಕಾರಿ ರಿಜಿಸ್ಟರ್ ತೆರೆದು, "ಈಕೀಗೆ ನೀವು ಹೇಳಿಕೊಟ್ಟಿದ್ರೇನು?" ಎಂದು ನನ್ನನ್ನು ಕೇಳಿದರು.

"ಹೌದ್ರಿ" ಎಂದೆ. ನನ್ನ ನಾಲಗೆಗೆ ಹುಳ ಬೀಳಲಿಲ್ಲ.

ಅವಳು ಕೂಗಾಡುತ್ತಾಳೆಂದು ಕಾದೆ. ಶಾಪ ಹಾಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಾಳವ್ವ ಹಣೆ ಗಂಟಿಕ್ಕಿಕೊಂಡು ಬಹಳ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದಳು.

"ಸರ ಸುಳ್ಳ ಹೇಳಾವ್ರಲ್ರೀ. ಹೇಳಿರತಾರ. ನಾನ ಮರತೇನಿ, ಓದು ಬರಹ ಇಲ್ಲದಾಕಿ."

ಹೊರಡುವಾಗ ನನ್ನ ಮುಂದೆ ನಿಂತು, ತಪ್ಪಾಯಿತೆಂಬಂತೆ ತಲೆ ತಗ್ಗಿಸಿ, ಎಡಗೈಯೊಂದನ್ನೇ ಎದೆಯ ಹತ್ತಿರ ನೆಟ್ಟಗೆ ಹಿಡಿದು ನಮಸ್ಕಾರ ಮಾಡಿದಳು.